ಮೊಣಕಾಲಿನ ಮಟ್ಟಕ್ಕೆ

ಗ್ಯಾರೆಟ್‌ನ ಭುಜ ಎದುರು ತಂಡದ ಸೆಮಿಸಿಯ ಎಡ ಮೊಣಕಾಲಿಗೆ ಬಡಿದಾಗ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಅಮೆರಿಕನ್ ಫುಟ್‌ಬಾಲ್ ನೋಡಲು ಸೇರಿದ್ದ ಅರವತ್ತು ಸಾವಿರ ಜನರ ಕೂಗಿನ ನಡುವೆಯೂ ಗ್ಯಾರೆಟ್‌ಗೆ ಅದು ಸ್ಪಷ್ಟವಾಗಿ ಕೇಳಿಸಿತು. ಚೆಂಡು ಹಿಡಿದಿದ್ದ ಗ್ಯಾರೆಟ್‌ನ ತಂಡದವನು ಸೆಮಿಸಿ ಬಿದ್ದು ತೆರವಾದ ಸಂದಿಯಲ್ಲೇ ನುಸುಳಿ ಒಂಬತ್ತು ಗಜ ಓಡಿದ. ಸೆಮಿಸಿ ಏಳಲಿಲ್ಲ. ಅವನನ್ನು ಗಾಡಿಯಲ್ಲಿ ಮಲಗಿಸಿ ಮೈದಾನದಿಂದ ಆಚೆ ಒಯ್ಯುತ್ತಿದ್ದಾಗ ಗ್ಯಾರೆಟ್ ರೆಫರಿಯ ಹತ್ತಿರ ಹೋದ.

"ತಪ್ಪಾಟ ಅಂತ ನೀವು ಹಳದಿ ಬಟ್ಟೆ ಎಸೀಲಿಲ್ಲ."

"ಯಾಕೆ ಎಸೀಬೇಕು?" ರೆಫರಿಗೆ ಆಶ್ಚರ್ಯ. "ನಿನ್ನ ಪಕ್ಕದೋನು ಅವನನ್ನ ಎದೆ ಕೊಟ್ಟು ತಡೆದಿದ್ದ, ನೀನು ಕೆಳಗೆ ನುಗ್ಗಿದೆ. ಚೆಂಡು ಹಿಡ್ಕೊಂಡು ಓಡೋ ಆಟದಲ್ಲಿ ಅದಕ್ಕೆ ಅವಕಾಶ ಇದೆ. ನಡಿ, ಹೋಗಿ ಸಾಲಲ್ಲಿ ನಿಲ್ಲು."

ಮರುದಿನ ಮಧ್ಯಾಹ್ನ ಗ್ಯಾರೆಟ್ ಆಸ್ಪತ್ರೆಗೆ ಹೋದ. ಸೆಮಿಸಿಯ ತಂಡದವರು ಅವನನ್ನು ಈ ಊರಲ್ಲೇ ಬಿಟ್ಟು, ಆಟ ಮುಗಿದ ಭಾನುವಾರ ಸಂಜೆಯೇ ವಿಮಾನ ಹತ್ತಿದ್ದರು. ಕಾಲೇಜಿನಲ್ಲಿ ಗ್ಯಾರೆಟ್, ಸೆಮಿಸಿ ಇಬ್ಬರೂ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರು. ಬಾಗಿಲಲ್ಲಿ ಸೆಮಿಸಿಯ ಹೆಂಡತಿ ಲೋಸಾ ನಿಂತಿದ್ದಳು. ರಾತ್ರಿಯೆಲ್ಲ ಪ್ರಯಾಣ ಮಾಡಿ ಯೂಟಾದಿಂದ ಬಂದಿದ್ದ ಅವಳ ಕಣ್ಣುಗಳು ಕೆಂಪಾಗಿದ್ದವು.

"ನಮ್ಮ ಮದುವೇಲಿ, ನಮ್ಮ ದ್ವೀಪದೋರ ಪದ್ಧತಿಯಂತೆ ಹಂದೀನ ನೆಲದೊಳಗೆ ಬೇಯಿಸೋಕೆ ಗುಂಡಿ ತೋಡಿದೋನು ನೀನು," ಎಂದಳು. "ಒಳಗೆ ಹೋಗು. ನೀನು ಬಂದೇ ಬರ್ತೀಯ ಅಂತಿದ್ದ."

ಸೆಮಿಸಿಯ ಕಾಲು ತೊಡೆಯಿಂದ ಪಾದದವರೆಗೆ ಕಟ್ಟಿನೊಳಗಿತ್ತು. ಕೈಯಲ್ಲಿ ಫೋನಿತ್ತು. ಗ್ಯಾರೆಟ್ ಕುರ್ಚಿಯ ತುದಿಯಲ್ಲಿ ಕುಳಿತ.

"ಡಾಕ್ಟ್ರು ಏನಂದ್ರು?"

"ಆಟ ಮುಗೀತು ಅಂದ್ರು. ಕೋಲಿಲ್ದೆ ನಡೆದ್ರೆ ಅದೇ ದೊಡ್ಡದಂತೆ." ಸೆಮಿಸಿ ಫೋನನ್ನು ಮಗುಚಿಟ್ಟ. "ಎದುರಿಗಿರೋದು ನಾನು ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಆ ವಿಡಿಯೋನ ಬೆಳಿಗ್ಗೆಯಿಂದ ನಲವತ್ತು ಸಲ ನೋಡ್ದೆ ಕಣೋ. ನಿಧಾನಕ್ಕೆ ಓಡಿಸಿ ನೋಡ್ದೆ. ಒಂದು ಗೇಣು ಆಚೆ ಈಚೆ ಆಗಿರುತ್ತೆ, ಒಂದು ಕ್ಷಣ ತಡ ಆಗಿರುತ್ತೆ ಅಂತ ಹುಡುಕ್ದೆ. ಇಲ್ಲ. ಎಲ್ಲಾ ಸರಿಯಾಗೇ ಮಾಡಿದೀಯ." ಅವನ ಧ್ವನಿ ಇಳಿಯಿತು. "ನೀನು ತಪ್ಪು ಮಾಡಿದ್ದಿದ್ರೆ ಚೆನ್ನಾಗಿತ್ತು. ನಿನ್ನ ಮೇಲೆ ಸಿಟ್ಟಾದ್ರೂ ಮಾಡ್ಕೋತಿದ್ದೆ. ಈಗ ಯಾರ ಮೇಲೆ ಮಾಡ್ಕೊಳ್ಳಲಿ, ಹೇಳು?"

ಗ್ಯಾರೆಟ್ ಎದ್ದು ಬಂದ.

ಬುಧವಾರ ಕೋಚ್ ಆಟಗಾರರನ್ನೆಲ್ಲ ಕೂರಿಸಿಕೊಂಡು ಅದೇ ಹೊಡೆತವನ್ನು ಗೋಡೆಯ ಮೇಲೆ ತೋರಿಸಿದರು. ಸೆಮಿಸಿ ಬೀಳುವ ಜಾಗದಲ್ಲಿ ಚಿತ್ರ ನಿಲ್ಲಿಸಿ, "ನೋಡ್ರಪ್ಪಾ, ಕಲಿಯೋದಾದ್ರೆ ಇದನ್ನ ಕಲೀರಿ," ಎಂದರು. ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಎಲ್ಲರೂ ಹೋದ ಮೇಲೆ ಗ್ಯಾರೆಟ್ ಹೇಳಿದ: "ಕೋಚ್, ಇದೊಂದನ್ನ ಬಿಟ್ಬಿಡೋಣ."

"ನಿಯಮದ ಪುಸ್ತಕದಲ್ಲಿ ಇರೋ ತನಕ ಆಡ್ತೀವಿ. ನಾವು ಬಿಟ್ರೆ ಅವರು ಬಿಡ್ತಾರಾ?" ಕೋಚ್ ಅವನ ಬೆನ್ನು ತಟ್ಟಿದರು. "ಮನಸ್ಸಿಗೆ ಹಚ್ಕೋಬೇಡ ಮಾರಾಯ."

ಮುಂದಿನ ಭಾನುವಾರ ಸರೋವರದ ಕಡೆಯಿಂದ ಹಿಮಗಾಳಿ ಬೀಸುತ್ತಿತ್ತು. ನಾಲ್ಕನೇ ಭಾಗದಲ್ಲಿ ಚೆಂಡು ತಮ್ಮ ಕೈಯಲ್ಲೇ ಉಳಿಯಲು ಎರಡು ಗಜ ಬೇಕಾಗಿತ್ತು, ಕೋಚ್ ಮೊಣಕಾಲಿಗೆ ನುಗ್ಗುವ ಅದೇ ಆಟ ಆಡಲು ಹೇಳಿದರು. ಈ ಸಲದ ಎದುರು ತಂಡ ಬೇರೆ; ಸೆಮಿಸಿ ನಿಲ್ಲುತ್ತಿದ್ದಂಥ ಜಾಗದಲ್ಲಿ ನಿಂತವನು ಯಾರೋ ಅಪರಿಚಿತ, ಗಡ್ಡದ ತುಂಬ ಹಿಮ.

"ಕಾಲು ಜೋಪಾನ," ಎಂದ ಗ್ಯಾರೆಟ್, ಅವನಿಗಷ್ಟೇ ಕೇಳುವಂತೆ.

ಅವನು ಅದನ್ನು ಬೆದರಿಕೆ ಎಂದುಕೊಂಡ. "ನಿನ್ನ ಹಲ್ಲು ಜೋಪಾನ ಮಾಡ್ಕೋ ಹೋಗೋ, ಮುದುಕ!"

ಚೆಂಡು ನೆಲದಿಂದ ಎದ್ದಿತು. ಗ್ಯಾರೆಟ್ ಬಗ್ಗಲಿಲ್ಲ, ಎದೆಗೆ ಎದೆ ಕೊಟ್ಟ. ಗಡ್ಡದವನು ನೆಲಕ್ಕುರುಳದೆ, ಕೈ ಚಾಚಿ ಚೆಂಡಿನವನ ಅಂಗಿ ಹಿಡಿದು ಅಲ್ಲೇ ಕೆಡವಿದ. ಒಂದು ಅಂಗುಲವೂ ಸಿಗಲಿಲ್ಲ. ತಮ್ಮೂರಿನ ಜನವೇ ಗ್ಯಾರೆಟ್‌ನ ಹೆಸರು ಹಿಡಿದು ಉಗಿದರು. ಕೋಚ್ ಅವನ ಮುಖವನ್ನೂ ನೋಡದೆ, ಹೊರಗೆ ಬಾ ಎಂದು ಬೆರಳು ಮಾಡಿದರು. ಆರು ವರ್ಷದಿಂದ ಬೆಂಚಿನ ಮೇಲೆ ಕುಳಿತೇ ಬಂದಿದ್ದ ಡಬ್ರೋಸ್ಕಿ ಹೆಲ್ಮೆಟ್ ಹಾಕಿಕೊಂಡು ಒಳಗೆ ಓಡಿದ.

ತಂಡಕ್ಕೆ ಮತ್ತೆ ಚೆಂಡು ಸಿಕ್ಕಾಗ ಕೋಚ್ ಮತ್ತೆ ಅದನ್ನೇ ಆಡಲು ಹೇಳಿದರು. ಬೆಂಚಿನಲ್ಲಿದ್ದ ಗ್ಯಾರೆಟ್ ತಲೆ ತಗ್ಗಿಸಿದ. ಜನ ಒಮ್ಮೆ ಹೋ ಎಂದು ಎದ್ದರು, ಆಮೇಲೆ ಎಲ್ಲರೂ ಒಟ್ಟಿಗೆ ಸುಮ್ಮನಾದರು. ಬಟ್ಟೆ ಬೀಳಲಿಲ್ಲ, ಗಡ್ಡದವನಿಗಾಗಿ ಗಾಡಿ ಬಂತು. ಆ ಆಟದಲ್ಲಿ ಹನ್ನೊಂದು ಗಜ ಬಂದಿತ್ತು. ಬೆಂಚಿನ ಆಚೆ ತುದಿಯಿಂದ ಎರಡು ಹೆಬ್ಬೆರಳೆತ್ತಿ ಕೋಚ್ ಡಬ್ರೋಸ್ಕಿಯನ್ನು ಕರೆದರು.

ಡಬ್ರೋಸ್ಕಿ ಅವರ ಕಡೆ ಹೋಗಲಿಲ್ಲ. ಬಂದು ಗ್ಯಾರೆಟ್‌ನ ಪಕ್ಕದಲ್ಲಿ ಕುಳಿತ. ಹೆಲ್ಮೆಟ್ ತೆಗೆದು ಕಾಲ ಬಳಿ ಇಟ್ಟ.

"ಅವನ ಹೆಸರೇನು, ಗೊತ್ತಾ ನಿಂಗೆ?" ಎಂದು ಕೇಳಿದ.

"ತಿಳ್ಕೋಬೇಡ," ಎಂದ ಗ್ಯಾರೆಟ್.