ಶುದ್ಧ ಮೂತ್ರದ ಅಪರಾಧ

"ಕಳ್ಳ ನೀನು! ಗುಳಿಗೆ ಮಾರ್ಕೊಂಡು ಬದುಕೋ ಕಳ್ಳ!"

ನರ್ಸ್ ಲೊರೇನ್ ಇದನ್ನು ಕ್ಲಿನಿಕ್ಕಿನ ಒಳಕೋಣೆಯಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಗ್ಯಾರೆಟ್‌ನ ಬೆನ್ನಿಗೇ ಹೊರಗೆ ಬಂದು, ಬೆಂಚಿನ ಮೇಲೆ ಕಾಯುತ್ತಿದ್ದ ಏಳು ಮಂದಿಯ ಮುಂದೆ ಹೇಳಿದಳು. ಏಳೂ ಮಂದಿಯ ಕೈಯಲ್ಲಿ ಕೇಕಿನ ತಟ್ಟೆ. ಯಾರೂ ತಿನ್ನುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಮೂತ್ರ ನೋಡಿದೆ. ಏನೂ ಇಲ್ಲ. ಶುದ್ಧ!"

"ಶುದ್ಧವಾಗಿದ್ರೆ ಒಳ್ಳೇದೇ ಅಲ್ವೇನಮ್ಮಾ?" ಗಡ್ಡಕ್ಕೆ ಕೆನೆ ಮೆತ್ತಿಕೊಂಡಿದ್ದ ಮುದುಕ ಆರ್ವಿಲ್ ಕೇಳಿದ. "ನಂದು ಒಂದ್ಸಲ ಹಾಗೆ ಬಂದಿದ್ರೆ ಊರಿಗೇ ಊಟ ಹಾಕಿಸ್ತಿದ್ದೆ."

"ನಾನು ಬರೆದ ಗುಳಿಗೆ ದಿನಾ ನುಂಗಿದ್ರೆ ಮೂತ್ರದಲ್ಲಿ ಕಾಣ್ಬೇಕು, ಆರ್ವಿಲ್. ಕಾಣ್ಲಿಲ್ಲ. ಗುಳಿಗೆ ಡಬ್ಬೀನೂ ಖಾಲಿ. ಹಾಗಾದ್ರೆ ಹೋಗಿದ್ದೆಲ್ಲಿಗೆ?"

ಮೊಂಟಾನಾದ ಆ ಮರದ ಮಿಲ್ಲಿನ ಊರನ್ನು ಡಾಕ್ಟರು ಬಿಟ್ಟುಹೋಗಿ ಒಂಬತ್ತು ವರ್ಷ. ಗಮನ ಒಂದೆಡೆ ನಿಲ್ಲದವರಿಗೆ ಆ ಗುಳಿಗೆ ಬರೆದುಕೊಡುವ ಅಧಿಕಾರ ಸುತ್ತ ಎಂಬತ್ತು ಮೈಲಿಯಲ್ಲಿ ಲೊರೇನ್ ಒಬ್ಬಳಿಗೇ. ಒಂದು ಗುಳಿಗೆ ಬೀದಿಗೆ ಬಿದ್ದರೂ ಅವಳ ಪರವಾನಗಿ ಹೋಗುತ್ತದೆ. ಅದಕ್ಕೇ ಯಾವಾಗೆಂದರೆ ಆವಾಗ ಕರೆಸಿ ಮೂತ್ರ ನೋಡುವುದು. ಅವಳ ಸಿಟ್ಟು ಸುಳ್ಳಲ್ಲ.

ಗ್ಯಾರೆಟ್‌ನದೂ ಸುಳ್ಳಲ್ಲ. ದಡ್ಡ, ದಡ್ಡ ಎಂದು ಶಾಲೆಯವರು ಹದಿನಾರಕ್ಕೇ ಹೊರಗಟ್ಟಿದ್ದರು. ಇಪ್ಪತ್ನಾಲ್ಕಕ್ಕೆ ಇದೇ ಲೊರೇನ್ ಕಾಯಿಲೆಗೆ ಹೆಸರಿಟ್ಟು ಗುಳಿಗೆ ಕೊಟ್ಟ ಮೇಲೆ ಎರಡು ವರ್ಷದಿಂದ ಒಂದೇ ಕೆಲಸದಲ್ಲಿ ನಿಂತಿದ್ದ. ದೊಡ್ಡ ಗರಗಸದ ಕೆಲಸ. ಗುಳಿಗೆ ತಪ್ಪಿದರೆ ಕೆಲಸ ಹೋಗುತ್ತದೆ, ಇಲ್ಲವೇ ಕೈ.

"ನಿನ್ನ ಹೆಬ್ಬೆಟ್ಟಿಗೆ ಹೊಲಿಗೆ ಹಾಕಿದ್ದು ನಾನೇ, ಹೋದ ಬುಧವಾರ. ಗುಳಿಗೆ ನುಂಗಿದ್ರೆ ಕೈ ಹಾಗೆ ಗರಗಸಕ್ಕೆ ಹೋಗ್ತಿತ್ತೇನೋ?"

"ನಾನು ಮಾರಿಲ್ಲ," ಎಂದ ಗ್ಯಾರೆಟ್. ಕೈ ತಾನಾಗಿ ಹಿಂಜೇಬಿಗೆ ಹೋಯಿತು. ಸಿಟ್ಟು ಬಂದಾಗ ಚಿಟಿಕೆ ಹೊಗೆಸೊಪ್ಪು ತುಟಿಯೊಳಗಿಡುವುದು ಅವನ ಚಾಳಿ. ಜೀನ್ಸಿನ ಬಟ್ಟೆಯ ಮೇಲೆ ಹೊಗೆಸೊಪ್ಪಿನ ಡಬ್ಬಿಯ ದುಂಡು ಗುರುತು ಸವೆದು ಬೆಳ್ಳಗಾಗಿತ್ತು. ಡಬ್ಬಿ ಇರಲಿಲ್ಲ.

"ಮಾರಿಲ್ವಾ? ಹಾಗಾದ್ರೆ ಹೊರಗೆ ಗಾಡೀಲಿ ಕೂತಿದಾನಲ್ಲ, ಜೈಲಿಂದ ಬಂದ ನಿನ್ನ ತಮ್ಮ, ಅವನಿಗೆ ಪುಕ್ಕಟೆ ಕೊಟ್ಯಾ?"

ಏಳು ತಲೆಗಳು ಒಟ್ಟಿಗೆ ಕಿಟಕಿಯತ್ತ ಹೊರಳಿದವು. ಗ್ಯಾರೆಟ್ ಹಲ್ಲು ಕಚ್ಚಿದ. ತಮ್ಮ ಡೇಲ್ ಗಾಡಿ ಓಡಿಸಿಕೊಂಡು ಬಂದದ್ದು ಅಣ್ಣನ ಕೈಗೆ ಪಟ್ಟಿ ಕಟ್ಟಿದ್ದಕ್ಕೆ.

"ನಿನ್ನಂಥೋರಿಗೆ ಎಲ್ಲದಕ್ಕೂ ಗುಳಿಗೆ ಬೇಕು. ಇಲ್ನೋಡು, ನನ್ನ ಮಗಳು!" ಲೊರೇನ್ ಮೇಜಿನ ಹಿಂದೆ ಫೈಲು ಜೋಡಿಸುತ್ತಿದ್ದ ಟೆಸ್‌ಳತ್ತ ಕೈ ತೋರಿಸಿದಳು. ಕೇಕಿನ ಮೇಲಿದ್ದದ್ದೂ ಅವಳದೇ ಹೆಸರು. "ನರ್ಸಿಂಗ್ ಪರೀಕ್ಷೆ, ಎರಡು ಸಲ ಡುಮ್ಕಿ. ಓದಿದ್ದು ತಲೇಲಿ ನಿಲ್ತಿಲ್ಲಮ್ಮಾ ಅಂತ ಅತ್ಲು. ನಮ್ಮನೇಲಿ ಅಂಥ ಕಾಯಿಲೆ ಇಲ್ಲ, ಎದ್ದು ಓದೇ ಅಂದೆ. ಹೋದ ಗುರುವಾರ ಬರೆದ್ಲು. ಪಾಸು! ಛಲ ಅಂದ್ರೆ ಇದು!"

ಯಾರೋ ಚಪ್ಪಾಳೆ ತಟ್ಟಿದರು. ಟೆಸ್ ತಲೆ ಎತ್ತಲಿಲ್ಲ.

"ಕೊನೇ ಸಲ ಕೇಳ್ತೀನಿ. ಯಾರಿಗೆ ಕೊಟ್ಟೆ? ಹೆಸರು ಹೇಳು, ಈಗ್ಲೇ ಹೊಸ ಚೀಟಿ ಬರೀತೀನಿ. ಹೇಳ್ದೇ ಹೋದ್ರೆ ಈ ಹೊಸ್ತಿಲು ತುಳೀಬೇಡ."

ಒಂದು ಹೆಸರು. ಅಷ್ಟೇ.

"ಅಮ್ಮಾ..." ಎಂದಳು ಟೆಸ್.

"ನೀನು ಸುಮ್ನಿರೇ. ಅವನ ಫೈಲು ಮುಚ್ಚಿ, ಸಹಿ ಹಾಕೋ ಕಾಗದ ಕೊಡು."

ಗ್ಯಾರೆಟ್ ಬೇಡವೆಂಬಂತೆ ತಲೆಯಾಡಿಸಿದ. ಅದನ್ನು ಲೊರೇನ್ ತನಗೆಂದು ತಿಳಿದಳು.

"ನೋಡಿದ್ರಾ, ಕೊಬ್ಬು!"

ಟೆಸ್ ಡ್ರಾಯರ್ ಎಳೆದು ಕಾಗದ ಮುಂದೆ ಸರಿಸಿದಳು. ಅವನು ಹತ್ತಿರ ಬರುವ ತನಕ ಅದರ ಮೇಲಿಂದ ಅಂಗೈ ಎತ್ತಲಿಲ್ಲ. ಗ್ಯಾರೆಟ್ ಪಟ್ಟಿ ಕಟ್ಟಿದ ಕೈಯಲ್ಲೇ ಸಹಿ ಗೀಚಿ, ತನ್ನ ಪ್ರತಿಯನ್ನೂ ಅದರಡಿ ಇದ್ದದ್ದನ್ನೂ ಎತ್ತಿ ಹಿಂಜೇಬಿಗೆ ತುರುಕಿದ. ಬಾಗಿಲತ್ತ ನಡೆದ.

ಸವೆದ ದುಂಡು ಗುರುತಿನಲ್ಲಿ ಸರಿಯಾಗಿ ಕೂತ ಹೊಗೆಸೊಪ್ಪಿನ ಡಬ್ಬಿಯೊಳಗೆ, ಪರೀಕ್ಷೆ ಮುಗಿಯುವ ತನಕ ಟೆಸ್ ನುಂಗಿ ಉಳಿಸಿದ್ದ ಗುಳಿಗೆಗಳು ಅವನ ಒಂದೊಂದು ಹೆಜ್ಜೆಗೂ ಗಲಗಲ ಎಂದವು.