ಅಲಬಾಮಾದ ಹಿತ್ತಲು

"'ಹಿತ್ತಲು ಗುಡಿಸುವ ಆ ಹೆಂಗಸಿಗೆಂದೇ ಒಂದು ಒಡಕು ಬಟ್ಟಲಿದೆ. ಯಜಮಾನಿ ಮೈಲಿಗೆಯಾಗದಂತೆ ಎತ್ತರದಿಂದ ಕಾಫಿ ಸುರಿಯುತ್ತಾಳೆ.'" ಅಮೆರಿಕದ ನೀಗ್ರೋಗಳ ಬಾಳಿನ ಬಗ್ಗೆ ಬಿ.ಎ. ವಿದ್ಯಾರ್ಥಿ ಚೆಲುವರಾಜು ಬರೆದಿದ್ದ ಪ್ರಬಂಧವನ್ನು ತರಗತಿಗೆ ಓದಿ ಹೇಳುತ್ತಿದ್ದ ಪ್ರೊಫೆಸರರು ಓದು ನಿಲ್ಲಿಸಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದು ಎಲ್ಲಿಯದಯ್ಯಾ? ಅಲಬಾಮಾದ್ದೇ?"

ಲಕ್ಷ್ಮೀಪುರಂನದು ಸಾರ್, ನಿಮ್ಮ ಮನೆಯದೇ, ಆ ಹೆಂಗಸು ನಮ್ಮವ್ವ ಎಂಬ ಮಾತು ಚೆಲುವರಾಜುವಿನ ನಾಲಗೆಯ ತುದಿಗೆ ಬಂದಿತ್ತು. ಹಾಗೆ ಹೇಳಬೇಕೆಂದೇ ಅವನು ಬರೆದದ್ದು. ಆದರೆ ಅವ್ವನ ಕೆಲಸ ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ.

"ಹೌದು ಸಾರ್, ಅಲಬಾಮಾ."

"ಎಂಥ ಕಟುಕರಯ್ಯಾ! ಸದ್ಯ, ನಾವು ಅಲ್ಲಿ ಹುಟ್ಟಲಿಲ್ಲ," ಎಂದ ಪ್ರೊಫೆಸರರು ಅವನ ಬೆನ್ನು ತಟ್ಟಲು ಕೈ ಎತ್ತಿದರು. ಆ ಕೈ ಅರ್ಧಕ್ಕೇ ನಿಂತಿತು. ಪ್ರಬಂಧವನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ತಗೊಂಡು ಹೋಗು," ಎಂದರು.