ಒಂಬತ್ತು ಪತ್ರಗಳು

ಗುರುಬಸವ್ವ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ಮಗಳು ನೀಲಾ ಕೂಗಿದಳು. "ಅವ್ವಾ, ಅಪ್ಪನ ಪತ್ರ ಎಲ್ಲಾ ಸಾಲ್ಯಾಗ ಕೊಟ್ಟ ಓದೋ ಯಂತ್ರಕ್ಕ ತೋರ್ಸೀನಿ. ತಾರೀಖು ನೋಡಿ ಜೋಡಸಾಕತ್ತೈತಿ!"

ಕಡಲ ತಳದ ಗಣಿಗೆ ಇಳಿದ ಗಂಡಸರ ದನಿ ಮೇಲೆ ಬರುವುದಿಲ್ಲ. ಪತ್ರಗಳಷ್ಟೇ ಬರುತ್ತವೆ, ಉಪ್ಪುನೀರಿನಲ್ಲಿ ತೊಯ್ದು ಒಣಗಿ.

ಗುರುಬಸವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. "ಬಂದ್ ಮಾಡು ಅದನ್ನ, ನನ್ನವ್ವ. ಸಾಲಿಗೆ ಹೊತ್ತಾತು."

ಅಷ್ಟರಲ್ಲಿ ಯಂತ್ರ ಎಂದಿನ ಸಮಾಧಾನದಲ್ಲಿ ಹೇಳತೊಡಗಿತು: "ಒಟ್ಟು ಇಪ್ಪತ್ತು ಪತ್ರ. ಮೊದಲ ಹನ್ನೊಂದರ ಮೇಲೆ ಕಡಲಿನ ಉಪ್ಪಿದೆ. ಉಳಿದ ಒಂಬತ್ತರ ಮೇಲಿರುವುದು ಅಡುಗೆ ಉಪ್ಪು. ಕೈಬರಹ, ನಿನ್ನ ಶಾಲೆಯ ರಜಾಚೀಟಿ ಬರೆದವರದು."

ಹೆಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ನೀಲಾ ಆ ಒಂಬತ್ತನ್ನು ಬೇರೆ ಮಾಡಿ, ಅಂಚು ಸರಿಪಡಿಸಿ, ಒಲೆಯ ಬಳಿಗೆ ತಂದಳು.

"ಅವ್ವಾ, ಅಪ್ಪ ಯಾವಾಗ ಸತ್ತ?"